ಕರ್ನೆಲ್ ಬದಲಾದ ಮೇಲೆ ಗ್ರಾಫಿಕ್ಸ್ ಪಾಸ್‌ಥ್ರೂ ನಿಂತುಹೋದರೆ: ದೋಷ ಪತ್ತೆಯ ಕ್ರಮ

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಎರಕದ ಬಿಡಿಭಾಗಗಳ ಮೇಲ್ಮೈಯನ್ನು ಕ್ಯಾಮೆರಾದಿಂದ ತಪಾಸಣೆ ಮಾಡುವ ತಂತ್ರಾಂಶವೊಂದಿದೆ. ಅದು ವಿಂಡೋಸ್‌ನಲ್ಲಿ ಮಾತ್ರ ನಡೆಯುವುದರಿಂದ ಲಿನಕ್ಸ್ ಹೋಸ್ಟ್ (ಆತಿಥೇಯ ಯಂತ್ರ) ಒಂದರ ಮೇಲೆ ಕೆವಿಎಂ ಮತ್ತು ಕ್ಯೂಎಮು ಎಂಬ ವರ್ಚುವಲೀಕರಣ ತಂತ್ರಾಂಶಗಳ ಮೂಲಕ ಓಡುವ ವರ್ಚುವಲ್ ಮಷಿನ್‌ನಲ್ಲಿ, ಅಂದರೆ ಗೆಸ್ಟ್‌ನಲ್ಲಿ, ಅದನ್ನು ಇರಿಸಲಾಗಿದೆ. ಯಂತ್ರದಲ್ಲಿರುವ ಒಂದೇ ಗ್ರಾಫಿಕ್ಸ್ ಕಾರ್ಡನ್ನು ವಿಎಫ್‌ಐಒ ಎಂಬ ಲಿನಕ್ಸ್ ಸೌಲಭ್ಯದ ಮೂಲಕ ಆ ಗೆಸ್ಟ್‌ಗೆ ಪೂರ್ತಿಯಾಗಿ ಒಪ್ಪಿಸಲಾಗಿದೆ; ಇದೇ ಪಾಸ್‌ಥ್ರೂ. ಪ್ರೊಸೆಸರ್‌ನೊಳಗೆ ಬೇರೆ ಗ್ರಾಫಿಕ್ಸ್ ಇಲ್ಲ. ಹೋಸ್ಟ್ ನಿರ್ವಹಣೆಯೆಲ್ಲ ಎಸ್‌ಎಸ್‌ಎಚ್ ಮೂಲಕವೇ, ಅಂದರೆ ನೆಟ್‌ವರ್ಕ್ ಮೇಲಿಂದಲೇ, ನಡೆಯುತ್ತದೆ. ಲಿನಕ್ಸ್‌ನ ತಿರುಳಾದ ಕರ್ನೆಲ್ 5.13 ಆವೃತ್ತಿಯದಾಗಿದ್ದಷ್ಟು ಕಾಲ ಈ ವ್ಯವಸ್ಥೆ ಸರಾಗವಾಗಿತ್ತು. ಲಿನಕ್ಸ್ ವಿತರಣೆಯ ನಿಯಮಿತ ಅಪ್‌ಡೇಟ್ 5.15 ಕರ್ನೆಲನ್ನು ತಂದ ಮೇಲೆ ಗೆಸ್ಟ್ ಬೂಟ್ ಆಗುತ್ತದೆ, ಪಿಂಗ್‌ಗೆ ಉತ್ತರಿಸುತ್ತದೆ, ಹಂಚಿಕೊಂಡ ಕಡತಕೋಶವೂ ತೆರೆಯುತ್ತದೆ. ಪರದೆ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. ತಪಾಸಣೆ ಕೋಣೆಯ ಆಪರೇಟರ್ ಹೇಳಿದ್ದು ಇಷ್ಟೇ: "ನಿನ್ನಿತನಾ ಛಲೋ ನಡದಿತ್ರೀ ಸರ್, ಅಪ್‌ಡೇಟ್ ಆದ ಮ್ಯಾಲ ಸ್ಕ್ರೀನ್ ಒಟ್ಟ ಬರವಲ್ದು." ದೋಷದ ಮೊದಲ ವಿವರಣೆಯಾಗಿ ಇದು ಸಾಕಷ್ಟು ಒಳ್ಳೆಯದು, ಏಕೆಂದರೆ ಏನು ಬದಲಾಯಿತು ಮತ್ತು ಏನು ನಿಂತಿತು ಎಂಬ ಎರಡೂ ಇದರಲ್ಲಿವೆ.

ಇಂಥ ದೋಷ ಎದುರಾದಾಗ ಕರ್ನೆಲ್ ಕೋಡ್ ಕೆಟ್ಟಿದೆ ಎಂದು ತೀರ್ಮಾನಿಸಿ ನೇರವಾಗಿ ಗಿಟ್ ಬೈಸೆಕ್ಟ್‌ಗೆ (ಕೋಡ್ ಬದಲಾವಣೆಗಳ ಸಾಲನ್ನು ಅರ್ಧಕ್ಕೆ ಇಳಿಸುತ್ತ ತಪ್ಪಿನ ಬದಲಾವಣೆಯನ್ನು ಹುಡುಕುವ ವಿಧಾನಕ್ಕೆ) ಇಳಿಯುವ ಆತುರ ಸಾಮಾನ್ಯ. ಆದರೆ ಕರ್ನೆಲ್ ಪ್ಯಾಕೇಜ್ ಬದಲಾದಾಗ ಮೂರು ಸಂಗತಿಗಳು ಒಟ್ಟಿಗೆ ಬದಲಾಗಿರುತ್ತವೆ: ಮೂಲ ಕೋಡ್, ಆ ಕೋಡನ್ನು ಕಟ್ಟುವಾಗ ವಿತರಕರು ಆರಿಸಿದ ಕಾನ್ಫಿಗ್ (ಆಯ್ಕೆಗಳ ಪಟ್ಟಿ), ಮತ್ತು ಹೊಸದಾಗಿ ತಯಾರಾದ ಇನಿಟ್‌ರಾಮ್‌ಎಫ್‌ಎಸ್‌ನೊಳಗೆ (ಬೂಟ್‌ನ ಆರಂಭದಲ್ಲಿ ಬಳಕೆಯಾಗುವ ತಾತ್ಕಾಲಿಕ ಕಡತವ್ಯವಸ್ಥೆಯೊಳಗೆ) ಡ್ರೈವರ್‌ಗಳು ಲೋಡ್ ಆಗುವ ಕ್ರಮ. ಈ ಮೂರನ್ನು ಬಿಡಿಸಿ ನೋಡದೆ ಮಾಡಿದ ಬೈಸೆಕ್ಟ್ ನಿರಪರಾಧಿ ಕಮಿಟ್ (ದಾಖಲಾದ ಕೋಡ್ ಬದಲಾವಣೆ) ಒಂದರ ಮೇಲೆ ಬೆರಳು ತೋರಿಸಬಲ್ಲದು. ಈ ಪ್ರಕರಣದಲ್ಲಿ ಅಂಥ ಅಪಾಯ ನಿಜವಾಗಿಯೂ ಇದೆ ಎಂಬುದನ್ನು ಮುಂದೆ ನೋಡೋಣ.

ಸಾಕ್ಷ್ಯ ಕಾಪಾಡುವುದು

ಮೊದಲು ಹಳೆಯ ಕರ್ನೆಲನ್ನು ಉಳಿಸಿಕೊಳ್ಳಬೇಕು. ಅನೇಕ ವಿತರಣೆಗಳು ಬಳಕೆಯಿಲ್ಲದ ಹಳೆಯ ಕರ್ನೆಲ್‌ಗಳನ್ನು ತಾವಾಗಿಯೇ ತೆಗೆದುಹಾಕುತ್ತವೆ. ಹೀಗಾಗಿ ಕೆಲಸ ಮಾಡುತ್ತಿದ್ದ ಪ್ಯಾಕೇಜನ್ನು ಹೋಲ್ಡ್‌ನಲ್ಲಿ ಇಟ್ಟು (ತೆಗೆಯದಂತೆ ತಡೆದು), ಬೂಟ್‌ಲೋಡರ್ ಆದ ಗ್ರಬ್‌ನ ಮೆನುವಿನಲ್ಲಿ ಎರಡೂ ಕರ್ನೆಲ್‌ಗಳು ಕಾಣುವಂತೆ ಮಾಡಿಕೊಳ್ಳಬೇಕು. ಜರ್ನಲ್ (ವ್ಯವಸ್ಥೆಯ ಲಾಗ್) ಡಿಸ್ಕ್ ಮೇಲೆ ಉಳಿಯುವ ವ್ಯವಸ್ಥೆ ಇಲ್ಲದಿದ್ದರೆ ವಾರ್ ಲಾಗ್ (/var/log) ಅಡಿಯಲ್ಲಿ ಜರ್ನಲ್ ಕಡತಕೋಶವನ್ನು ಸೃಷ್ಟಿಸಬೇಕು. ಇಲ್ಲವಾದರೆ ಪ್ರತಿ ಮರುಬೂಟಿನಲ್ಲೂ ಹಿಂದಿನ ಬೂಟಿನ ಲಾಗ್ ಅಳಿಸಿಹೋಗಿರುತ್ತದೆ.

ಅನಂತರ ಎರಡೂ ಕರ್ನೆಲ್‌ಗಳಲ್ಲಿ ಒಂದೇ ರೀತಿಯ ಮಾಹಿತಿಯನ್ನು ಸಂಗ್ರಹಿಸಿ ಜೋಡಿಯಾಗಿ ಇಡಬೇಕು. ಯುನೇಮ್ ಕೊಡುವ ಕರ್ನೆಲ್ ಆವೃತ್ತಿ, ಪ್ರೋಕ್ ಅಡಿಯ ಸಿಎಂಡಿಲೈನ್ ಕಡತ (ಬೂಟ್ ಸಾಲು, ಅಂದರೆ ಕರ್ನೆಲ್‌ಗೆ ಕೊಟ್ಟ ನಿಯತಾಂಕಗಳು), ಕರ್ನೆಲ್ ಲಾಗ್ ಪೂರ್ತಿಯಾಗಿ, ಸಾಧನಗಳನ್ನು ಪಟ್ಟಿ ಮಾಡುವ ಎಲ್‌ಎಸ್‌ಪಿಸಿಐ ತೋರಿಸುವ ಡ್ರೈವರ್ ವಿವರ, ಬೂಟ್ ಕಡತಕೋಶದಲ್ಲಿರುವ ಆಯಾ ಕರ್ನೆಲ್‌ನ ಕಾನ್ಫಿಗ್ ಕಡತ, ಮತ್ತು ಪ್ರೋಕ್ ಅಡಿಯ ಐಒಮೆಮ್ ಕಡತ ಬೇಕಾಗುತ್ತವೆ. ಐಒಮೆಮ್ ಕಡತವನ್ನು ರೂಟ್ ಆಗಿಯೇ ಓದಬೇಕು; ಸಾಮಾನ್ಯ ಬಳಕೆದಾರರಿಗೆ ವಿಳಾಸಗಳ ಜಾಗದಲ್ಲಿ ಬರೀ ಸೊನ್ನೆಗಳು ಕಾಣುತ್ತವೆ. ಹೆಚ್ಚಿನವರು ಇದೊಂದನ್ನೇ ಬಿಟ್ಟುಬಿಡುತ್ತಾರೆ, ಆದರೆ ಈ ದೋಷದ ಉತ್ತರ ಕೊನೆಗೆ ಸಿಗುವುದು ಅದರಲ್ಲೇ.

ಅಪ್‌ಡೇಟ್ ಒಂದು ಕರ್ನೆಲ್‌ ಜೊತೆಗೆ ಕ್ಯೂಎಮು, ಗೆಸ್ಟ್‌ಗಳನ್ನು ನಿರ್ವಹಿಸುವ ಲಿಬ್‌ವರ್ಟ್, ಮತ್ತು ಗೆಸ್ಟ್‌ಗಾಗಿ ಇರುವ ಯುಇಎಫ್‌ಐ ಫರ್ಮ್‌ವೇರನ್ನೂ (ಬೂಟ್ ಆರಂಭಿಸುವ ತಂತ್ರಾಂಶವನ್ನೂ) ತಂದಿರಬಹುದು. ಆದ್ದರಿಂದ ಹೊಸ ಪ್ಯಾಕೇಜ್‌ಗಳನ್ನೆಲ್ಲ ಹಾಗೆಯೇ ಇಟ್ಟು ಹಳೆಯ ಕರ್ನೆಲ್‌ನಿಂದ ಮಾತ್ರ ಬೂಟ್ ಮಾಡಿ ನೋಡಬೇಕು. ಆಗ ಪರದೆ ಬಂದರೆ ದೋಷ ಕರ್ನೆಲ್ ಪ್ಯಾಕೇಜಿನೊಳಗಿದೆ ಎಂದು ಹೇಳಲು ಅಧಿಕಾರ ಸಿಗುತ್ತದೆ. ಪರದೆ ಬಾರದಿದ್ದರೆ ಈ ಬರಹದ ಮುಂದಿನ ಭಾಗ ಆ ದೋಷಕ್ಕೆ ಅನ್ವಯಿಸುವುದಿಲ್ಲ.

ಪರೀಕ್ಷೆಯನ್ನು ಪ್ರತಿ ಸಲವೂ ಕೋಲ್ಡ್ ಬೂಟ್‌ನಿಂದಲೇ ಆರಂಭಿಸಬೇಕು. ಗೆಸ್ಟ್ ಒಮ್ಮೆ ಮುಟ್ಟಿದ ಗ್ರಾಫಿಕ್ಸ್ ಕಾರ್ಡ್ ಸರಿಯಾಗಿ ರೀಸೆಟ್ ಆಗದೆ, ಬರಿಯ ರೀಬೂಟ್‌ನ ನಂತರವೂ ಹಿಂದಿನ ಸ್ಥಿತಿಯ ಅವಶೇಷವನ್ನು ಉಳಿಸಿಕೊಂಡಿರುವ ಸಾಧ್ಯತೆ ಇದೆ. ಅಂಥ ಕಾರ್ಡ್‌ನಲ್ಲಿ ಕೆಟ್ಟ ಕರ್ನೆಲ್‌ನ ನಂತರ ಪರೀಕ್ಷಿಸಿದ ಒಳ್ಳೆಯ ಕರ್ನೆಲ್ ಕೂಡ ಕೆಟ್ಟದ್ದಾಗಿ ಕಾಣುತ್ತದೆ. ಹೋಸ್ಟನ್ನು ಪೂರ್ತಿಯಾಗಿ ಆರಿಸಿ, ವಿದ್ಯುತ್ ಸಂಪರ್ಕವನ್ನೂ ಸ್ವಲ್ಪ ಹೊತ್ತು ತೆಗೆದು ಮತ್ತೆ ಆರಂಭಿಸುವುದು ಬೇಸರದ ಕೆಲಸವೇ ಸರಿ. ಪಾಳಿ ಬದಲಾಗುವ ವೇಳೆಯಲ್ಲಿ, ತಪಾಸಣೆ ನಿಂತಿರುವಾಗ ಮಾತ್ರ ಇದಕ್ಕೆ ಅವಕಾಶ ಸಿಗುತ್ತದೆಯಾದ್ದರಿಂದ ಪ್ರತಿ ಪರೀಕ್ಷೆಯೂ ಖಚಿತ ಉತ್ತರ ಕೊಡುವಂತಿರಬೇಕು.

ಪದರ ಪದರವಾಗಿ ಶೋಧ

ಪಾಸ್‌ಥ್ರೂ ಕೆಲಸ ಮಾಡಲು ಹಲವು ಪದರಗಳು ಸರಿಯಾಗಿರಬೇಕು, ಮತ್ತು ಪ್ರತಿಯೊಂದು ಪದರದ ವೈಫಲ್ಯಕ್ಕೂ ಲಾಗ್‌ನಲ್ಲಿ ತನ್ನದೇ ಗುರುತು ಇರುತ್ತದೆ. ಕೆಳಗಿನಿಂದ ಮೇಲಕ್ಕೆ ಹೋಗುವುದು ಒಳ್ಳೆಯದು.

ಎಲ್ಲಕ್ಕಿಂತ ಕೆಳಗೆ ಐಒಎಂಎಂಯು ಇದೆ: ಇಂಟೆಲ್ ಯಂತ್ರಗಳಲ್ಲಿ ವಿಟಿ-ಡಿ, ಎಎಂಡಿ ಯಂತ್ರಗಳಲ್ಲಿ ಎಎಂಡಿ-ವಿಐ. ಸಾಧನವು ನೇರವಾಗಿ ಮೆಮೊರಿಗೆ ಬರೆಯುವಾಗ (ಡಿಎಂಎ) ಅದು ಗೆಸ್ಟ್‌ನ ಎಲ್ಲೆಯೊಳಗೇ ಉಳಿಯುವಂತೆ ನೋಡಿಕೊಳ್ಳುವುದು ಇದರ ಕೆಲಸ. ಬೂಟ್ ಲಾಗ್‌ನ ಆರಂಭದಲ್ಲಿ ಡಿಎಂಎಆರ್ ಅಥವಾ ಎಎಂಡಿ-ವಿಐ ಸಾಲುಗಳು ಎರಡೂ ಕರ್ನೆಲ್‌ಗಳಲ್ಲಿ ಸಮಾನವಾಗಿ ಬಂದಿರಬೇಕು. ಇಂಟೆಲ್ ಐಒಎಂಎಂಯು ತಾನಾಗಿ ಚಾಲೂ ಆಗುತ್ತದೆಯೇ ಇಲ್ಲವೇ ಎಂಬುದು ಕರ್ನೆಲ್ ಕಟ್ಟುವಾಗಿನ ಆಯ್ಕೆಯಾಗಿರುವುದರಿಂದ, ಬೂಟ್ ಸಾಲಿನಲ್ಲಿ ಅದನ್ನು ಸ್ಪಷ್ಟವಾಗಿ ಚಾಲೂ ಮಾಡಿಟ್ಟರೆ ಒಂದು ಸಂದೇಹ ಕಡಿಮೆಯಾಗುತ್ತದೆ. ಗೆಸ್ಟ್ ಓಡುವಾಗ ಡಿಎಂಎ ಫಾಲ್ಟ್ ಅಥವಾ ಐಒ ಪೇಜ್ ಫಾಲ್ಟ್ ಸಾಲುಗಳು ಸುರಿಯತೊಡಗಿದರೆ ತೊಂದರೆ ಈ ಪದರದಲ್ಲೇ ಇದೆ. ಇಂಟರಪ್ಟ್ ರೀಮ್ಯಾಪಿಂಗ್ (ಸಾಧನದ ಸಂಕೇತಗಳನ್ನು ಐಒಎಂಎಂಯು ಮೂಲಕ ಹಾಯಿಸುವ ಸೌಲಭ್ಯ) ಇಲ್ಲವಾದರೆ ಕ್ಯೂಎಮು ಆರಂಭವಾಗದೆ, ಅನುಮತಿ ಇಲ್ಲ ಎಂಬ ದೋಷದೊಡನೆ ನಿಲ್ಲುತ್ತದೆ. ನಮ್ಮ ಪ್ರಕರಣದಲ್ಲಿ ಗೆಸ್ಟ್ ಆರಂಭವಾಗುತ್ತಿದೆ ಮತ್ತು ಫಾಲ್ಟ್ ಸಾಲುಗಳು ಇಲ್ಲ.

ಎರಡನೆಯದು ಐಒಎಂಎಂಯು ಗುಂಪುಗಳು. ಸಿಸ್ ಕಡತವ್ಯವಸ್ಥೆಯ ಕರ್ನೆಲ್ ವಿಭಾಗದಲ್ಲಿ ಪ್ರತಿ ಗುಂಪಿನ ಸಾಧನಗಳ ಪಟ್ಟಿ ಸಿಗುತ್ತದೆ. ಒಂದು ಗುಂಪಿನ ಸಾಧನಗಳೆಲ್ಲ ಒಟ್ಟಿಗೇ ಹೋಸ್ಟ್‌ನ ಕೈಬಿಡಬೇಕು. ಗ್ರಾಫಿಕ್ಸ್ ಕಾರ್ಡ್ 01:00.0 ಆಗಿದ್ದರೆ ಅದರ ಆಡಿಯೊ ಭಾಗ 01:00.1 ಬಹುಮಟ್ಟಿಗೆ ಅದೇ ಗುಂಪಿನಲ್ಲಿರುತ್ತದೆ. ಅದನ್ನು ಹೋಸ್ಟ್‌ನ ಆಡಿಯೊ ಡ್ರೈವರ್ ಹಿಡಿದುಕೊಂಡಿದ್ದರೆ, ಗುಂಪು ಬಳಕೆಗೆ ಯೋಗ್ಯವಲ್ಲ ಎಂದು ಕ್ಯೂಎಮು ಸ್ಪಷ್ಟವಾಗಿ ಹೇಳಿ ನಿಲ್ಲುತ್ತದೆ. ಹೊಸ ಕರ್ನೆಲ್ ಗುಂಪುಗಳನ್ನು ಬೇರೆ ರೀತಿಯಲ್ಲಿ ವಿಂಗಡಿಸಿದೆಯೇ ಎಂಬುದನ್ನು ಎರಡು ಪಟ್ಟಿಗಳನ್ನು ಹೋಲಿಸಿ ಖಚಿತಪಡಿಸಿಕೊಳ್ಳಬೇಕು.

ಮೂರನೆಯದು ಡ್ರೈವರ್ ಹಿಡಿತ. ಬಳಕೆಯಲ್ಲಿರುವ ಡ್ರೈವರ್ ವಿಎಫ್‌ಐಒ-ಪಿಸಿಐ ಎಂದು ಎಲ್‌ಎಸ್‌ಪಿಸಿಐ ತೋರಿಸಬೇಕು. ಇನಿಟ್‌ರಾಮ್‌ಎಫ್‌ಎಸ್‌ನ ಪ್ರಭಾವ ಹೆಚ್ಚಾಗಿ ಕಾಣುವುದು ಇಲ್ಲಿ. ಒಂದು ವಿತರಣೆಯಲ್ಲಿ ವಿಎಫ್‌ಐಒ-ಪಿಸಿಐ ಮಾಡ್ಯೂಲ್ (ಬೇಕಾದಾಗ ಲೋಡ್ ಆಗುವ ಪ್ರತ್ಯೇಕ ತುಣುಕು) ಆಗಿದ್ದರೆ ಇನ್ನೊಂದರಲ್ಲಿ ಅದು ಕರ್ನೆಲ್‌ನೊಳಗೇ ಸೇರಿಕೊಂಡಿರುತ್ತದೆ. ಒಳಗೇ ಸೇರಿದ್ದರೆ ಮಾಡ್ಯೂಲ್ ಲೋಡ್ ಮಾಡುವ ಮಾಡ್‌ಪ್ರೋಬ್‌ನ ಕಡತಗಳಲ್ಲಿ ಬರೆದ ಸಾಧನ ಗುರುತುಗಳಿಗೆ ಬೆಲೆಯಿಲ್ಲ, ಅವುಗಳನ್ನು ಬೂಟ್ ಸಾಲಿನಲ್ಲೇ ಕೊಡಬೇಕು. ಹಾಗೆಯೇ 6.2 ಕರ್ನೆಲ್‌ನಲ್ಲಿ ವಿಎಫ್‌ಐಒ-ವಿಐಆರ್‌ಕ್ಯೂಎಫ್‌ಡಿ ಎಂಬ ಪ್ರತ್ಯೇಕ ಮಾಡ್ಯೂಲ್ ಮೂಲ ವಿಎಫ್‌ಐಒ ಮಾಡ್ಯೂಲಿನೊಳಗೆ ಲೀನವಾಯಿತು. ಅಲ್ಲಿಂದಾಚೆಗೆ ಆ ಹೆಸರಿನ ಮಾಡ್ಯೂಲ್ ಸಿಗಲಿಲ್ಲ ಎಂಬ ಸಂದೇಶ ಬಂದರೆ ಅದನ್ನು ದೋಷವೆಂದು ಬೆನ್ನಟ್ಟಬೇಕಾಗಿಲ್ಲ.

ಈ ಮೂರೂ ಪದರಗಳು ಎರಡೂ ಕರ್ನೆಲ್‌ಗಳಲ್ಲಿ ಒಂದೇ ಆಗಿದ್ದವು. ನಾಲ್ಕನೆಯದು ಸಾಧನದ ಮೆಮೊರಿ ಕಿಟಕಿಗಳದು, ಅಂದರೆ ಪಿಸಿಐ ಭಾಷೆಯಲ್ಲಿ ಬಾರ್‌ಗಳದು. ವ್ಯತ್ಯಾಸ ಕಂಡದ್ದು ಇಲ್ಲಿ. ಗೆಸ್ಟ್ ಆರಂಭವಾದ ಕೂಡಲೇ ಹೋಸ್ಟ್ ಲಾಗ್‌ನಲ್ಲಿ, 01:00.0 ಸಾಧನದ ಬಾರ್ 1 ಅನ್ನು ಕಾಯ್ದಿರಿಸಲಾಗುತ್ತಿಲ್ಲ ಎಂಬ ಸಾಲು ಮತ್ತೆ ಮತ್ತೆ ಬರತೊಡಗುತ್ತದೆ. ಕ್ಯೂಎಮು ಲಾಗ್‌ನಲ್ಲಿ ವಿಎಫ್‌ಐಒ ವಲಯಕ್ಕೆ ಬರೆಯುವ ಯತ್ನ ವಿಫಲವಾಗಿದೆ, ಸಂಪನ್ಮೂಲ ಬೇರೆಯವರ ಬಳಕೆಯಲ್ಲಿದೆ ಎಂಬ ಅರ್ಥದ ಸಾಲುಗಳು ಸಾವಿರಗಟ್ಟಲೆ ಸೇರಿಕೊಳ್ಳುತ್ತವೆ. ಹಳೆಯ ಕರ್ನೆಲ್‌ನಲ್ಲಿ ಈ ಸಾಲುಗಳು ಒಂದೂ ಇಲ್ಲ.

ಬಾರ್ ಯಾರ ಹಿಡಿತದಲ್ಲಿದೆ?

ಐಒಮೆಮ್ ಕಡತವು ಭೌತಿಕ ವಿಳಾಸಗಳ ಹಕ್ಕುಪತ್ರವಿದ್ದಂತೆ: ಯಾವ ತುಂಡು ಯಾರದ್ದು, ಅದರೊಳಗಿನ ಚಿಕ್ಕ ತುಂಡು ಯಾರಿಗೆ ಹೋಗಿದೆ ಎಂಬುದು ಸಾಲು ಸಾಲಾಗಿ, ಒಳಸರಿದ ಬರವಣಿಗೆಯಲ್ಲಿ ಇರುತ್ತದೆ. ಹೊಸ ಕರ್ನೆಲ್‌ನಲ್ಲಿ ಗೆಸ್ಟನ್ನು ಆರಂಭಿಸುವ ಮೊದಲೇ ಅದನ್ನು ತೆರೆದು 01:00.0 ಸಾಲನ್ನು ಹುಡುಕಿದರೆ, ಅದರ ಕೆಳಗೆ ಒಳಸರಿದು ‘ಬೂಟ್‌ಎಫ್‌ಬಿ’ ಎಂಬ ಹೆಸರು ಕಾಣುತ್ತದೆ. ಹಳೆಯ ಕರ್ನೆಲ್‌ನಲ್ಲಿ ಅದೇ ಜಾಗ ಖಾಲಿ.

ಇದರ ಹಿನ್ನೆಲೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಯಂತ್ರ ಆರಂಭವಾದಾಗ ಯುಇಎಫ್‌ಐ ಫರ್ಮ್‌ವೇರ್ ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯ ಒಂದು ಭಾಗವನ್ನು ಫ್ರೇಮ್‌ಬಫರ್ (ಪರದೆಯ ಚಿತ್ರವನ್ನು ಹಿಡಿದಿಡುವ ಜಾಗ) ಆಗಿ ಸಿದ್ಧಪಡಿಸಿ, ಅದರ ವಿಳಾಸ ಮತ್ತು ಅಳತೆಗಳನ್ನು ಕರ್ನೆಲ್‌ಗೆ ಕೊಡುತ್ತದೆ. ನಿಜವಾದ ಗ್ರಾಫಿಕ್ಸ್ ಡ್ರೈವರ್ ಬರುವವರೆಗೆ ಬೂಟ್ ಸಂದೇಶಗಳು ಆ ಜಾಗದಲ್ಲಿ ಮೂಡುತ್ತವೆ. ಕರ್ನೆಲ್‌ನ ಸಿಸ್‌ಎಫ್‌ಬಿ ಎಂಬ ಭಾಗ ಈ ಮಾಹಿತಿಯನ್ನು ಓದಿ ಒಂದು ಪ್ಲಾಟ್‌ಫಾರ್ಮ್ ಸಾಧನವನ್ನು ಹುಟ್ಟಿಸುತ್ತದೆ, ಮತ್ತು ಅದಕ್ಕೆ ಎರಡು ದಾರಿಗಳಿವೆ. ಸಿಂಪಲ್‌ಎಫ್‌ಬಿ ಆಯ್ಕೆ ಇಲ್ಲದೆ ಕಟ್ಟಿದ ಕರ್ನೆಲ್‌ನಲ್ಲಿ ಅದು ಇಎಫ್‌ಐ ಫ್ರೇಮ್‌ಬಫರ್ ಎಂಬ ಹೆಸರಿನ ಸಾಧನವಾಗುತ್ತದೆ; ಅದನ್ನು ಇಎಫ್‌ಐಎಫ್‌ಬಿ ಡ್ರೈವರ್ ವಹಿಸಿಕೊಂಡ ಮೇಲಷ್ಟೇ ಮೆಮೊರಿಯ ಮೇಲೆ ಹಕ್ಕು ಬೀಳುತ್ತದೆ. ಆ ಆಯ್ಕೆಯೊಂದಿಗೆ ಕಟ್ಟಿದ ಕರ್ನೆಲ್‌ನಲ್ಲಾದರೆ, ಡ್ರೈವರ್ ಬರುವ ಮೊದಲೇ, ಸಾಧನ ಹುಟ್ಟಿದ ಗಳಿಗೆಯಲ್ಲೇ ಬೂಟ್‌ಎಫ್‌ಬಿ ಎಂಬ ಹೆಸರಿನಲ್ಲಿ ಆ ಮೆಮೊರಿ ಕಾಯ್ದಿರಿಸಲ್ಪಡುತ್ತದೆ.

ಒಂದೇ ಗ್ರಾಫಿಕ್ಸ್ ಕಾರ್ಡ್ ಇರುವ ಹೋಸ್ಟ್‌ಗಳಲ್ಲಿ ‘ವಿಡಿಯೊ=ಇಎಫ್‌ಐಎಫ್‌ಬಿ:ಆಫ್’ ಎಂಬ ನಿಯತಾಂಕವನ್ನು ಬೂಟ್ ಸಾಲಿನಲ್ಲಿ ಹಾಕುವುದು ಬಹುಕಾಲದ ರೂಢಿ. ಉದ್ಯಮಬಾಗದ ಯಂತ್ರದಲ್ಲಿಯೂ ಅದು ಇತ್ತು. ಈ ನಿಯತಾಂಕ ತಡೆಯುವುದು ಇಎಫ್‌ಐಎಫ್‌ಬಿ ಡ್ರೈವರನ್ನು ಮಾತ್ರ. ಮೊದಲನೆಯ ದಾರಿಯಲ್ಲಿ ಅಷ್ಟು ತಡೆದರೆ ಸಾಕು, ಮೆಮೊರಿ ಖಾಲಿಯಾಗಿಯೇ ಉಳಿಯುತ್ತದೆ. ಎರಡನೆಯ ದಾರಿಯಲ್ಲಿ ಇಎಫ್‌ಐಎಫ್‌ಬಿಗೆ ಪಾತ್ರವೇ ಇಲ್ಲದಿರುವುದರಿಂದ ಅದನ್ನು ತಡೆದು ಪ್ರಯೋಜನವಿಲ್ಲ. ಬೂಟ್‌ಎಫ್‌ಬಿ ತನ್ನ ಜಾಗದಲ್ಲಿ ಕುಳಿತೇ ಇರುತ್ತದೆ. ಮುಂದೆ ವಿಎಫ್‌ಐಒ-ಪಿಸಿಐ ಆ ಬಾರ್ ಅನ್ನು ಗೆಸ್ಟ್‌ಗಾಗಿ ಕಾಯ್ದಿರಿಸಲು ಹೋದಾಗ ಅದರೊಳಗೆ ಬೇರೊಬ್ಬರ ಹಕ್ಕು ಕಂಡು ಕರ್ನೆಲ್ ನಿರಾಕರಿಸುತ್ತದೆ. ಕ್ಯೂಎಮು ಇಷ್ಟಕ್ಕೇ ನಿಲ್ಲುವುದಿಲ್ಲ. ಬಾರ್ ಅನ್ನು ನೇರವಾಗಿ ಮ್ಯಾಪ್ ಮಾಡಲಾಗದೆ ಒಂದೊಂದೇ ಓದು-ಬರಹವನ್ನು ಕರ್ನೆಲ್ ಮೂಲಕ ಮಾಡಲು ಯತ್ನಿಸುತ್ತದೆ, ಅದೂ ಅದೇ ಕಾರಣಕ್ಕೆ ವಿಫಲವಾಗುತ್ತದೆ. ಗೆಸ್ಟ್ ಜೀವಂತವಾಗಿದ್ದೂ ಪರದೆ ಕಪ್ಪಾಗಿರುವುದಕ್ಕೆ, ಲಾಗ್ ಆ ಪರಿ ತುಂಬುವುದಕ್ಕೆ ಇದೇ ಕಾರಣ.

ಊಹೆಯನ್ನು ಪರೀಕ್ಷೆಗೆ ಒಡ್ಡುವುದು

ವಿವರಣೆ ಹೊಂದಿಕೊಂಡಿತು ಎಂದ ಮಾತ್ರಕ್ಕೆ ಅದು ನಿಜವಾಗುವುದಿಲ್ಲ. ಪ್ರತಿ ಸಲ ಒಂದನ್ನೇ ಬದಲಿಸಿ, ಬೇರೆ ಬೇರೆ ದಿಕ್ಕಿನಿಂದ ಇದನ್ನು ಅಲುಗಾಡಿಸಿ ನೋಡಬೇಕು.

ಅತ್ಯಂತ ಸುಲಭವಾದ ಪರೀಕ್ಷೆಯೆಂದರೆ ಹೊಸ ಕರ್ನೆಲ್‌ನ ಬೂಟ್ ಸಾಲಿಗೆ ‘ಇನಿಟ್‌ಕಾಲ್_ಬ್ಲ್ಯಾಕ್‌ಲಿಸ್ಟ್=ಸಿಸ್‌ಎಫ್‌ಬಿ_ಇನಿಟ್’ ಎಂಬ ನಿಯತಾಂಕವನ್ನು ಸೇರಿಸುವುದು. ಸಿಸ್‌ಎಫ್‌ಬಿಯ ಆರಂಭಿಕ ಕಾರ್ಯವೇ ಓಡದಂತೆ ಇದು ತಡೆಯುವುದರಿಂದ ಪ್ಲಾಟ್‌ಫಾರ್ಮ್ ಸಾಧನ ಹುಟ್ಟುವುದಿಲ್ಲ, ಬೂಟ್‌ಎಫ್‌ಬಿ ಸಾಲೂ ಇರುವುದಿಲ್ಲ. ಇದನ್ನು ಹಾಕುವ ಮೊದಲು ಎಸ್‌ಎಸ್‌ಎಚ್ ಪ್ರವೇಶ ಖಚಿತವಾಗಿರಬೇಕು, ಸಾಧ್ಯವಿದ್ದರೆ ಸೀರಿಯಲ್ ಕನ್ಸೋಲ್ ಕೂಡ ಸಿದ್ಧವಿರಬೇಕು. ಹೋಸ್ಟ್‌ನ ಬೂಟ್ ಸಂದೇಶಗಳು ಇನ್ನು ಪರದೆಯ ಮೇಲೆ ಬರುವುದಿಲ್ಲವಾದ್ದರಿಂದ ನೆಟ್‌ವರ್ಕ್ ಕೈಕೊಟ್ಟರೆ ಕತ್ತಲಲ್ಲಿ ಟೈಪ್ ಮಾಡಬೇಕಾದೀತು. ಈ ನಿಯತಾಂಕದೊಡನೆ ಗೆಸ್ಟ್‌ನ ಪರದೆ ಬಂತು, ಲಾಗ್‌ನಲ್ಲಿ ಬಾರ್ ಸಾಲುಗಳು ನಿಂತವು.

ಎರಡನೆಯದು ಯಂತ್ರಾಂಶದ ಕಡೆಯಿಂದ. ಹಳೆಯ, ಅಗ್ಗದ ಗ್ರಾಫಿಕ್ಸ್ ಕಾರ್ಡೊಂದನ್ನು ಇನ್ನೊಂದು ಸ್ಲಾಟ್‌ನಲ್ಲಿ ಹಾಕಿ, ಫರ್ಮ್‌ವೇರ್ ಸೆಟ್ಟಿಂಗ್‌ನಲ್ಲಿ ಅದನ್ನೇ ಮೊದಲ ಪರದೆಯಾಗಿ ಆರಿಸಿದರೆ ಫ್ರೇಮ್‌ಬಫರ್ ಆ ಕಾರ್ಡಿಗೆ ಹೋಗುತ್ತದೆ. ಆಗ ಯಾವ ನಿಯತಾಂಕವೂ ಇಲ್ಲದೆ ಹೊಸ ಕರ್ನೆಲ್‌ನಲ್ಲಿ ಪಾಸ್‌ಥ್ರೂ ನಡೆಯಬೇಕು. ಇಲ್ಲಿ ಒಂದು ಎಚ್ಚರಿಕೆ: ಹೊಸ ಕಾರ್ಡ್ ಬಂದಾಗ ಪಿಸಿಐ ಬಸ್ ಸಂಖ್ಯೆಗಳು ಬದಲಾಗಿ 01:00.0 ಇದ್ದದ್ದು 02:00.0 ಆಗಬಹುದು. ಗೆಸ್ಟ್‌ನ ವ್ಯಾಖ್ಯಾನದಲ್ಲಿ ವಿಳಾಸ ತಿದ್ದದೆ ಆರಂಭಿಸಿದರೆ ತಪ್ಪು ಸಾಧನ ಗೆಸ್ಟ್‌ಗೆ ಹೋಗುತ್ತದೆ. ಅದು ಡಿಸ್ಕ್ ಕಂಟ್ರೋಲರ್ ಆಗಿದ್ದರೆ ಹೋಸ್ಟ್ ಅಲ್ಲಿಗೇ ಕುಸಿಯುತ್ತದೆ. ಕಾರ್ಡ್ ಬಿಚ್ಚಿ ಹಾಕುವ ಮುನ್ನ ಗೆಸ್ಟ್ ತಾನಾಗಿಯೇ ಆರಂಭವಾಗುವ ಏರ್ಪಾಡನ್ನು ತೆಗೆದಿಡುವುದು ಲೇಸು.

ಮೂರನೆಯದೇ ಮುಖ್ಯವಾದ ಪರೀಕ್ಷೆ: 5.15ರ ಅದೇ ಮೂಲ ಕೋಡನ್ನು, ವಿತರಕರ ಅದೇ ಕಾನ್ಫಿಗ್‌ನೊಂದಿಗೆ, ಸಿಂಪಲ್‌ಎಫ್‌ಬಿ ಆಯ್ಕೆಯೊಂದನ್ನು ಮಾತ್ರ ತೆಗೆದು ಕಟ್ಟುವುದು. ಅಂಥ ಕರ್ನೆಲ್‌ನಲ್ಲಿ ಹಳೆಯ ಇಎಫ್‌ಐಎಫ್‌ಬಿ ನಿಯತಾಂಕವೇ ಮತ್ತೆ ಸಾಕಾದರೆ, ನಮ್ಮನ್ನು ಕಾಡಿದ್ದು ಕಾನ್ಫಿಗ್ ಬದಲಾವಣೆ ಎಂಬುದು ತೀರ್ಮಾನವಾಗುತ್ತದೆ. ಹಳೆಯ ಮತ್ತು ಹೊಸ ಕಾನ್ಫಿಗ್ ಕಡತಗಳನ್ನು ಕರ್ನೆಲ್ ಮೂಲದ ಜೊತೆಗೇ ಬರುವ ಡಿಫ್‌ಕಾನ್ಫಿಗ್ ಸ್ಕ್ರಿಪ್ಟ್‌ನಿಂದ ಹೋಲಿಸಿದರೆ ಈ ವ್ಯತ್ಯಾಸ ಮೊದಲೇ ಕಣ್ಣಿಗೆ ಬೀಳುತ್ತದೆ, ಆದರೆ ಸಾವಿರಾರು ಆಯ್ಕೆಗಳ ನಡುವೆ ಯಾವುದನ್ನು ಹುಡುಕಬೇಕು ಎಂದು ತಿಳಿದಿರಬೇಕು; ಐಒಮೆಮ್ ನೋಡಿದ ಮೇಲೆ ಅದು ತಿಳಿಯುತ್ತದೆ.

ಬೈಸೆಕ್ಟ್ ಮಾಡುವುದಾದರೆ

ಮೇಲಿನ ಪರೀಕ್ಷೆಗಳು ಇಷ್ಟು ಸ್ಪಷ್ಟ ಉತ್ತರ ಕೊಡದ ಪ್ರಕರಣಗಳೇ ಹೆಚ್ಚು. ಕಾನ್ಫಿಗ್ ಮತ್ತು ಲೋಡ್ ಕ್ರಮ ಎರಡೂ ಸಮಾನವಾಗಿದ್ದು ದೋಷ ಉಳಿದರೆ ಬೈಸೆಕ್ಟ್ ಅನಿವಾರ್ಯ. ಒಂದೊಂದು ಕರ್ನೆಲ್ ಬಿಡುಗಡೆಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಕಮಿಟ್‌ಗಳಿರುತ್ತವೆ, 5.13ರಿಂದ 5.15ರವರೆಗಿನ ಎರಡು ಬಿಡುಗಡೆಗಳ ಅಂತರದಲ್ಲಿ ಇಪ್ಪತ್ತೈದು ಸಾವಿರಕ್ಕೂ ಮೀರಿದ ಕಮಿಟ್‌ಗಳಿವೆ. ಪ್ರತಿ ಹೆಜ್ಜೆಯೂ ಅರ್ಧವನ್ನು ಕಳೆಯುತ್ತದೆ, 2ರ 15ನೆಯ ಘಾತ 32,768. ಆದ್ದರಿಂದ ಸುಮಾರು 15 ಹೆಜ್ಜೆಗಳಲ್ಲಿ ಉತ್ತರ ಸಿಗುತ್ತದೆ. ಮಧ್ಯದ ಬಿಡುಗಡೆ ಅಭ್ಯರ್ಥಿಗಳ (ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿಗಳ) ಸಿದ್ಧ ಪ್ಯಾಕೇಜ್‌ಗಳು ಸಿಕ್ಕರೆ ಮೊದಲ ಕೆಲವು ಹೆಜ್ಜೆಗಳನ್ನು ಏನನ್ನೂ ಕಂಪೈಲ್ ಮಾಡದೆ ಮುಗಿಸಬಹುದು. ಹೊಸ ಬದಲಾವಣೆಗಳಲ್ಲಿ ಬಹುಪಾಲು ಆಯಾ ಬಿಡುಗಡೆಯ ಮೊದಲ ಅಭ್ಯರ್ಥಿಗೆ ಮುಂಚಿನ ಎರಡು ವಾರಗಳಲ್ಲೇ ಸೇರುತ್ತವೆ ಎಂಬುದು ಗೊತ್ತಿದ್ದರೆ ಎಲ್ಲಿಂದ ಆರಂಭಿಸಬೇಕು ಎಂಬುದೂ ಹೊಳೆಯುತ್ತದೆ.

ವಿತರಕರ ಕರ್ನೆಲ್‌ಗಳಲ್ಲಿ ಅವರದೇ ಪ್ಯಾಚ್‌ಗಳು ಇರುತ್ತವೆ. ಹೀಗಾಗಿ ಬೈಸೆಕ್ಟ್ ಆರಂಭಿಸುವ ಮೊದಲು ಪ್ಯಾಚ್ ಇಲ್ಲದ ಮೂಲ 5.13 ಒಳ್ಳೆಯದು, ಮೂಲ 5.15 ಕೆಟ್ಟದ್ದು ಎಂಬ ಎರಡು ತುದಿಗಳನ್ನೂ ಇದೇ ಯಂತ್ರದ ಮೇಲೆ ಸಾಬೀತು ಮಾಡಿಕೊಳ್ಳಬೇಕು. ಕೆಟ್ಟ ತುದಿಯನ್ನಷ್ಟೇ ನೋಡಿ ಒಳ್ಳೆಯ ತುದಿಯನ್ನು ನಂಬಿಕೆಯ ಮೇಲೆ ಬಿಟ್ಟರೆ ಹದಿನೈದು ಹೆಜ್ಜೆಗಳ ಶ್ರಮವೂ ನೀರಿನಲ್ಲಿ ಹೋಮ ಮಾಡಿದಂತೆ.

ಕಂಪೈಲ್ ಸಮಯ ಉಳಿಸಲು ಲೋಕಲ್‌ಮಾಡ್‌ಕಾನ್ಫಿಗ್ ಬಳಸುವುದುಂಟು. ಅದು ಆ ಕ್ಷಣದಲ್ಲಿ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಗೆಸ್ಟ್ ಓಡದಿರುವಾಗ ಅದನ್ನು ನಡೆಸಿದರೆ ಪಾಸ್‌ಥ್ರೂಗೆ ಬೇಕಾದ ಮಾಡ್ಯೂಲ್‌ಗಳೇ ಬಿಟ್ಟುಹೋಗಬಹುದು. ಒಳ್ಳೆಯ ಕರ್ನೆಲ್‌ನಲ್ಲಿ ಗೆಸ್ಟ್ ಓಡುತ್ತಿರುವಾಗ, ಕ್ಯಾಮೆರಾ ಮತ್ತು ಯುಎಸ್‌ಬಿ ಸಾಧನಗಳೆಲ್ಲ ಜೋಡಣೆಯಾಗಿರುವಾಗ ಅದನ್ನು ನಡೆಸಿ, ಬಂದ ಕಾನ್ಫಿಗನ್ನು ಬೇರೆಡೆ ಕಾದಿರಿಸಬೇಕು. ಕಂಪೈಲ್ ಕೆಲಸ ಬೇರೆ ಯಂತ್ರದಲ್ಲಿ ಆಗುವುದು ಮೇಲು. ಹೋಸ್ಟ್ ಪ್ರತಿ ಹೆಜ್ಜೆಗೂ ಆರಿ ಹೊತ್ತಬೇಕಾಗಿರುವುದರಿಂದ ಗಿಟ್ ಬೈಸೆಕ್ಟನ್ನು ಅದರ ಮೇಲೆ ತಾನಾಗಿ ಓಡಲು ಬಿಡುವುದು ಸುಲಭವಲ್ಲ, ಕೈಯಿಂದಲೇ ಒಳ್ಳೆಯದು-ಕೆಟ್ಟದ್ದು ಎಂದು ಗುರುತಿಸುತ್ತ ಹೋಗಬೇಕು. ಮಳೆಗಾಲದಲ್ಲಿ ಎರಡೂ ಯಂತ್ರಗಳು ಯುಪಿಎಸ್ ಮೇಲಿರಲಿ.

ಈಗ ಮೊದಲೇ ಹೇಳಿದ ಅಪಾಯಕ್ಕೆ ಬರೋಣ. 5.15ರ ಅಭಿವೃದ್ಧಿಯ ಕಾಲದಲ್ಲಿ ಸಿಸ್‌ಎಫ್‌ಬಿ ಕೋಡ್ ಎಕ್ಸ್86 ವಿಭಾಗದಿಂದ ಎಲ್ಲ ಪ್ರೊಸೆಸರ್ ವಾಸ್ತುಶೈಲಿಗಳಿಗೂ (ಆರ್ಕಿಟೆಕ್ಚರ್‌ಗಳಿಗೂ) ಸಾಮಾನ್ಯವಾದ ಫರ್ಮ್‌ವೇರ್ ಡ್ರೈವರ್ ವಿಭಾಗಕ್ಕೆ ಸ್ಥಳಾಂತರವಾಯಿತು. ಆ ಸ್ಥಳಾಂತರದೊಡನೆ ಕಾನ್ಫಿಗ್ ಆಯ್ಕೆಯ ಹೆಸರೂ ಎಕ್ಸ್86_ಸಿಸ್‌ಎಫ್‌ಬಿ ಎಂಬುದರಿಂದ ಸಿಸ್‌ಎಫ್‌ಬಿ_ಸಿಂಪಲ್‌ಎಫ್‌ಬಿ ಎಂದಾಯಿತು. ಹೊಸ ಹೆಸರು ಇರುವ ಕಾನ್ಫಿಗನ್ನು ಹಳೆಯ ಕಮಿಟ್ ಒಂದಕ್ಕೆ ಕೊಟ್ಟು ಓಲ್ಡ್‌ಡೆಫ್‌ಕಾನ್ಫಿಗ್ (ಇರುವ ಕಾನ್ಫಿಗನ್ನು ಆ ಕೋಡ್‌ಗೆ ಹೊಂದಿಸುವ ಆಜ್ಞೆ) ನಡೆಸಿದರೆ, ಗೊತ್ತಿಲ್ಲದ ಆ ಹೆಸರನ್ನು ಅದು ಸದ್ದಿಲ್ಲದೆ ಕೈಬಿಡುತ್ತದೆ. ಹಳೆಯ ಹೆಸರಿನ ಆಯ್ಕೆ ತಾನಾಗಿ ಚಾಲೂ ಆಗುವಂಥದ್ದಲ್ಲ. ಪರಿಣಾಮವಾಗಿ ಹೆಸರು ಬದಲಾಗುವುದಕ್ಕೆ ಹಿಂದಿನ ಕಮಿಟ್‌ಗಳೆಲ್ಲ ಒಳ್ಳೆಯವಾಗಿ, ಮುಂದಿನವೆಲ್ಲ ಕೆಟ್ಟವಾಗಿ ಕಾಣುತ್ತವೆ. ಬೈಸೆಕ್ಟ್ ಅತ್ಯಂತ ಆತ್ಮವಿಶ್ವಾಸದಿಂದ ಕೋಡನ್ನು ಒಂದು ಕಡತಕೋಶದಿಂದ ಇನ್ನೊಂದಕ್ಕೆ ಸಾಗಿಸಿದ ಕಮಿಟ್‌ ಮೇಲೆ ನಿಲ್ಲುತ್ತದೆ. ಆ ಕಮಿಟ್ ಬರೆದವರಿಗೆ ಈ ಫಲಿತಾಂಶವನ್ನು ಕಳಿಸಿದರೆ, ಹಳೆಯ ಕೋಡ್‌ನಲ್ಲಿ ಆ ಆಯ್ಕೆ ಚಾಲೂ ಇತ್ತೇ ಎಂದು ಅವರು ಕೇಳುವ ಮೊದಲ ಪ್ರಶ್ನೆಗೆ ನಮ್ಮ ಬಳಿ ಉತ್ತರ ಇರುವುದಿಲ್ಲ.

ಇದನ್ನು ತಪ್ಪಿಸುವ ಉಪಾಯ ಕಷ್ಟದ್ದಲ್ಲ. ಪ್ರತಿ ಹೆಜ್ಜೆಯಲ್ಲೂ ಹಿಂದಿನ ಹೆಜ್ಜೆಯ ಕಾನ್ಫಿಗನ್ನು ಮುಂದುವರಿಸದೆ, ಕಾದಿರಿಸಿದ ಮೂಲ ಪ್ರತಿಯನ್ನೇ ನಕಲು ಮಾಡಿಕೊಳ್ಳಬೇಕು. ಓಲ್ಡ್‌ಡೆಫ್‌ಕಾನ್ಫಿಗ್ ನಡೆಸಿದ ಮೇಲೆ ಡಿಫ್‌ಕಾನ್ಫಿಗ್‌ನಿಂದ ಹೋಲಿಸಿ, ಫ್ರೇಮ್‌ಬಫರ್, ಪಿಸಿಐ, ಐಒಎಂಎಂಯು, ವಿಎಫ್‌ಐಒ ಸಂಬಂಧದ ಯಾವುದಾದರೂ ಆಯ್ಕೆ ಕಳೆದುಹೋಗಿದೆಯೇ ಎಂದು ನೋಡಬೇಕು. ಹಳೆಯ ಮತ್ತು ಹೊಸ ಹೆಸರುಗಳೆರಡನ್ನೂ ಮೂಲ ಪ್ರತಿಯಲ್ಲಿ ಸೇರಿಸಿಟ್ಟರೆ ಆಯಾ ಕಮಿಟ್‌ಗೆ ಗೊತ್ತಿರುವ ಹೆಸರು ಉಳಿದುಕೊಳ್ಳುತ್ತದೆ. ಹಾಗೆ ಮಾಡಿದಾಗ ಮೂಲ 5.13 ಕೂಡ ಇದೇ ದೋಷವನ್ನು ತೋರಿಸುತ್ತದೆ. ಅಲ್ಲಿಗೆ ಒಳ್ಳೆಯ ತುದಿ ಎಂಬುದೇ ಉಳಿಯುವುದಿಲ್ಲ, ಬೈಸೆಕ್ಟ್ ಆರಂಭಿಸುವ ಅಗತ್ಯವೂ ಇರುವುದಿಲ್ಲ.

ಬೈಸೆಕ್ಟನ್ನು ಕೆಲವೇ ಕಡತಕೋಶಗಳಿಗೆ ಸೀಮಿತಗೊಳಿಸುವ ಸೌಲಭ್ಯವನ್ನು ನಾನು ಸಾಮಾನ್ಯವಾಗಿ ಬಳಸುವುದಿಲ್ಲ. ವಿಎಫ್‌ಐಒ ಮತ್ತು ಐಒಎಂಎಂಯು ವಿಭಾಗಗಳಿಗೆ ಮಾತ್ರ ಸೀಮಿತಗೊಳಿಸಿದ್ದರೆ ಫರ್ಮ್‌ವೇರ್ ವಿಭಾಗದಲ್ಲಿರುವ ಸಿಸ್‌ಎಫ್‌ಬಿ ಎಂದೂ ಸಿಗುತ್ತಿರಲಿಲ್ಲ. ಪಾಸ್‌ಥ್ರೂ ದೋಷಗಳ ಬೇರು ಪಾಸ್‌ಥ್ರೂ ಕೋಡ್‌ನಿಂದ ದೂರದಲ್ಲಿರುವುದು ಅಪರೂಪವಲ್ಲ. ನಾಲ್ಕೈದು ಹೆಜ್ಜೆಗಳ ಉಳಿತಾಯಕ್ಕಾಗಿ ಇಡೀ ಉತ್ತರವನ್ನೇ ಪಣಕ್ಕಿಡುವುದು ಸರಿಯಲ್ಲ. ಬೂಟ್ ಆಗದ ಅಥವಾ ಕಂಪೈಲ್ ಆಗದ ಕಮಿಟ್ ಸಿಕ್ಕಾಗ ಅದನ್ನು ಸ್ಕಿಪ್ ಮಾಡಬೇಕೇ ಹೊರತು ಕೆಟ್ಟದ್ದೆಂದು ಗುರುತಿಸಬಾರದು. ಒಳ್ಳೆಯದು ಅಥವಾ ಕೆಟ್ಟದ್ದು ಎಂಬ ನಿರ್ಣಯಕ್ಕೆ ಪರದೆಯ ಕಪ್ಪನ್ನು ಆಧಾರವಾಗಿಸದೆ, ಹೋಸ್ಟ್ ಲಾಗ್‌ನಲ್ಲಿ ಬಾರ್ ಕಾಯ್ದಿರಿಸುವ ಸಾಲು ಇದೆಯೇ ಇಲ್ಲವೇ ಎಂಬುದನ್ನು ಆಧಾರವಾಗಿಸಬೇಕು. ಕೇಬಲ್ ಸಡಿಲವಾದರೂ ಪರದೆ ಕಪ್ಪಾಗುತ್ತದೆ.

ವರದಿ ಯಾರಿಗೆ?

ಕರ್ನೆಲ್ ಸಮುದಾಯದ ದಸ್ತಾವೇಜುಗಳ ಪ್ರಕಾರ, ಒಂದು ಕರ್ನೆಲ್‌ನಲ್ಲಿ ಚೆನ್ನಾಗಿ ನಡೆಯುತ್ತಿದ್ದದ್ದು ಅದೇ ಬಗೆಯ ಕಾನ್ಫಿಗ್‌ನಿಂದ ಕಟ್ಟಿದ ಹೊಸ ಆವೃತ್ತಿಯಲ್ಲಿ ಕೆಟ್ಟರೆ ಅದು ರಿಗ್ರೆಷನ್. ಅದೇ ಬಗೆಯ ಕಾನ್ಫಿಗ್ ಎಂಬ ಷರತ್ತು ಇಲ್ಲಿ ನಿರ್ಣಾಯಕ. ಬಳಕೆದಾರನ ಮಟ್ಟಿಗೆ ತಪಾಸಣೆ ನಿಂತದ್ದು ನಿಜ. ಆದರೆ ಮೂಲ ಅಭಿವೃದ್ಧಿಗಾರರ ಅಳತೆಯಲ್ಲಿ ಇದು ರಿಗ್ರೆಷನ್ ಆಗುವುದಿಲ್ಲ, ವಿತರಕರ ಬಳಿಗೆ ಹೋಗಬೇಕಾದ ದೂರು ಇದು. ಅದರಲ್ಲಿ ಎರಡೂ ಕಾನ್ಫಿಗ್‌ಗಳ ವ್ಯತ್ಯಾಸ, ಐಒಮೆಮ್‌ನ ಎರಡು ತುಣುಕುಗಳು, ಮತ್ತು ಮೂರನೆಯ ಪರೀಕ್ಷೆಯ ಫಲಿತಾಂಶ ಇದ್ದರೆ ಸಾಕು.

ಮೂಲ ಕರ್ನೆಲ್‌ಗೆ ವರದಿ ಮಾಡುವ ಯಾವುದೇ ಪ್ರಕರಣದಲ್ಲಿ ಮೊದಲು ಇತ್ತೀಚಿನ ಕರ್ನೆಲ್‌ನಲ್ಲಿ ದೋಷ ಉಳಿದಿದೆಯೇ ಎಂದು ನೋಡುವುದು ಕಡ್ಡಾಯ. ಈ ದೋಷದ ಬಗ್ಗೆ ಹಾಗೆ ನೋಡಿದರೆ ಸಮಾಧಾನದ ಸಂಗತಿಯೊಂದು ಸಿಗುತ್ತದೆ: ನಂತರದ ಕರ್ನೆಲ್‌ಗಳಲ್ಲಿ ವಿಎಫ್‌ಐಒ-ಪಿಸಿಐ ಡ್ರೈವರ್ ವಿಜಿಎ ವರ್ಗದ ಸಾಧನವನ್ನು ವಹಿಸಿಕೊಳ್ಳುವಾಗ, ಆ ಮೆಮೊರಿಯ ಮೇಲೆ ಕುಳಿತಿರುವ ಫ್ರೇಮ್‌ಬಫರನ್ನು ತಾನೇ ತೆರವುಗೊಳಿಸುತ್ತದೆ. ಸರಿಪಡಿಸಿದ ಕಮಿಟ್ ಯಾವುದೆಂದು ತಿಳಿಯಬೇಕಾದರೆ ಬೈಸೆಕ್ಟನ್ನು ತಿರುಗಿಸಿಯೂ ಬಳಸಬಹುದು; ಹಳೆಯದಕ್ಕೆ ‘ಕೆಟ್ಟಿದೆ’, ಹೊಸದಕ್ಕೆ ‘ಸರಿಯಾಗಿದೆ’ ಎಂಬ ನಮ್ಮದೇ ಹೆಸರುಗಳನ್ನು ಕೊಡಲು ಗಿಟ್‌ನಲ್ಲಿ ಅವಕಾಶವಿದೆ.

ತಕ್ಷಣದ ಪರಿಹಾರವಾಗಿ ಸಿಸ್‌ಎಫ್‌ಬಿ ಆರಂಭವನ್ನು ತಡೆಯುವ ನಿಯತಾಂಕವನ್ನು ಗ್ರಬ್‌ನ ಸಂರಚನಾ ಕಡತದಲ್ಲಿ ಸೇರಿಸಿ, ಗ್ರಬ್ ಕಡತಗಳನ್ನು ಮರುಸೃಷ್ಟಿಸಿ, ನಿಷ್ಪ್ರಯೋಜಕವಾದ ಇಎಫ್‌ಐಎಫ್‌ಬಿ ನಿಯತಾಂಕವನ್ನು ತೆಗೆಯಬೇಕು. ಯಂತ್ರ ಗ್ರಬ್ ಬದಲು ಸಿಸ್ಟಮ್‌ಡಿ-ಬೂಟ್ ಬಳಸುತ್ತಿದ್ದರೆ ಗ್ರಬ್ ಕಡತದಲ್ಲಿ ಬರೆದದ್ದಕ್ಕೆ ಫಲವಿಲ್ಲ. ಮರುಬೂಟಿನ ಬಳಿಕ ಸಿಎಂಡಿಲೈನ್ ಕಡತವನ್ನು ಓದಿ ನಿಯತಾಂಕ ನಿಜವಾಗಿ ತಲುಪಿದೆಯೇ ಎಂದು ನೋಡಿಕೊಳ್ಳಬೇಕು. ಮುಂದೆ ಸರಿಪಡಿಸಿದ ಕರ್ನೆಲ್‌ಗೆ ಹೋದ ದಿನ ಈ ನಿಯತಾಂಕವನ್ನು ತೆಗೆದು, ಕೋಲ್ಡ್ ಬೂಟ್ ಮಾಡಿ, ಗೆಸ್ಟ್ ಆರಂಭವಾದ ನಂತರ ಐಒಮೆಮ್‌ನಲ್ಲಿ ಬೂಟ್‌ಎಫ್‌ಬಿ ಸಾಲು ಮಾಯವಾಗಿದೆಯೇ ಮತ್ತು ಹೋಸ್ಟ್‌ನ ಬೂಟ್ ಸಂದೇಶಗಳು ಪರದೆಗೆ ಮರಳಿವೆಯೇ ಎಂದು ಪರೀಕ್ಷಿಸಿದ ಮೇಲೆ ಹಳೆಯ 5.13 ಪ್ಯಾಕೇಜಿನ ಹೋಲ್ಡ್ ಬಿಡಬಹುದು.